ಎಣಿಕೆ ಮುಗಿಯುವತನಕ

ನಿಂಗಣ್ಣ ಬೆಳಿಗ್ಗೆ ಕಟ್ಟಿದ್ದ ಗೋಡೆಯ ನಾಲ್ಕು ವರಸೆಯನ್ನು ಅವನ ಮಗ ಭೀಮು ಊಟದ ಹೊತ್ತಿಗೆ ಬಿಚ್ಚಿಟ್ಟಿದ್ದ.

ಕೆಡವಿದ್ದ ಅನ್ನುವ ಹಾಗಿರಲಿಲ್ಲ. ಒಂದೊಂದೇ ಇಟ್ಟಿಗೆ ಎತ್ತಿ, ಹಸಿ ಗಾರೆಯನ್ನು ಬೆರಳಿನಿಂದ ಬಳಿದು ತೆಗೆದು, ಹಿತ್ತಲಿನ ನೇರಳೆ ಮರದ ಕೆಳಗೆ ಹತ್ತತ್ತರ ಸಾಲು ಮಾಡಿ ಜೋಡಿಸಿದ್ದ. ಕೊನೆಯ ಇಟ್ಟಿಗೆ ಇನ್ನೂ ಕೈಯಲ್ಲೇ ಇತ್ತು. ಇಪ್ಪತ್ತೆರಡು ವರ್ಷದ ಗಟ್ಟಿಮುಟ್ಟಾದ ಆಳು, ಅಪ್ಪನಿಗಿಂತ ಅರ್ಧ ಗೇಣು ಎತ್ತರ. ಬುತ್ತಿ ಬಿಚ್ಚಲು ಹೋಗಿದ್ದ ಗಾರೆಯಾಳುಗಳು ಸುತ್ತ ನಿಂತು ನೋಡುತ್ತಿದ್ದರು. ಒಬ್ಬಿಬ್ಬರು ನಗುತ್ತಿದ್ದರು.

"ಏನ್ ಗುರು ಇದು," ಎಂದ ಮೇಸ್ತ್ರಿ ಮುನಿಶಾಮಿ. ಅವನು ಕೂಗಾಡುವವನಲ್ಲ, ಸಿಟ್ಟು ಬಂದಾಗ ದನಿ ಇನ್ನಷ್ಟು ಇಳಿಯುತ್ತಿತ್ತು. "ನಿಂಗಣ್ಣ, ನಿನ್ನ ಮುಖ ನೋಡ್ಕೊಂಡು ಇವನ್ನ ಸೈಟಲ್ಲಿ ಕೂರಿಸ್ಕೊಂಡಿದ್ದೆ. ನಾಳೆಯಿಂದ ಇವನ್ನ ಕರ್ಕೊಂಡು ಬರೋದಾದ್ರೆ ನೀನೂ ಬರ್ಬೇಡ."

ಮಗನನ್ನು ಸೈಟಿಗೆ ಕರೆತರುವುದು ನಿಂಗಣ್ಣನಿಗೂ ಇಷ್ಟವಿರಲಿಲ್ಲ. ಹತ್ತು ವರ್ಷದ ಹಿಂದೆ ಸುರಪುರದ ಕಡೆಯಿಂದ ಗಂಡ ಹೆಂಡತಿ ಮಗ ಮೂವರೂ ದುಡಿಯಲು ಬೆಂಗಳೂರಿಗೆ ಬಂದು, ಕೆ.ಆರ್.ಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಹೆಂಡತಿ ಹುಸೇನಮ್ಮ ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ ಬಡಿದು, ಬುಟ್ಟಿ ಹೊತ್ತು ಊರ ಕಡೆಯ ಕೂಲಿಯವರ ಓಣಿ ಓಣಿಗೆ ಮಾರಿ ಬರುತ್ತಿದ್ದಳು. ಆ ಹೊತ್ತಿನಲ್ಲಿ ಭೀಮುವನ್ನು ಒಬ್ಬನನ್ನೇ ಬಿಡುವ ಹಾಗಿರಲಿಲ್ಲ. ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದರೆ ದಿನವೆಲ್ಲ ಬಾಗಿಲು ಬಡಿಯುತ್ತಾನೆ, ಬಿಟ್ಟರೆ ಎಲ್ಲಿಗೆ ಹೋಗುತ್ತಾನೋ ಗೊತ್ತಿಲ್ಲ. ಹಾಗಾಗಿ ನಿಂಗಣ್ಣನ ಹಿಂದೆ ಮರಳಿನ ಗುಡ್ಡೆಗಳ ಮೇಲೆ ಕೂತು ಕೂತೇ ಭೀಮು ದೊಡ್ಡವನಾಗಿದ್ದ.

ಸೈಟಿನ ಮುಂದಿದ್ದ ಬಂಗಲೆಯ ಒಳಗಿನಿಂದ ಒಬ್ಬ ಹೆಂಗಸು ಹೊರಗೆ ಬಂದರು. ಕಟ್ಟಡ ಕಟ್ಟಿಸುತ್ತಿದ್ದವರು ಅವರೇ, ಜಹನಾರಾ. ನಲವತ್ತರ ಆಸುಪಾಸು, ಫ್ರೇಜರ್ ಟೌನಿನವರು. ರಿಚರ್ಡ್ಸ್ ಟೌನಿನ ಈ ಹಳೇ ಬಂಗಲೆಯಲ್ಲಿ ಅವರು ಎಂಥದೋ ಶಾಲೆ ನಡೆಸುತ್ತಾರೆಂದು ನಿಂಗಣ್ಣ ಕೇಳಿದ್ದ. ಆದರೆ ಮಕ್ಕಳ ಸದ್ದು ಕೇಳಿರಲಿಲ್ಲ.

ಅವರು ಗೋಡೆಯನ್ನು ನೋಡಿದರು. ಇಟ್ಟಿಗೆಯ ಸಾಲುಗಳನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ನಿಂಗಣ್ಣನ ಕಡೆ ತಿರುಗಿ, "ಇವರು ನಿಮ್ಮ ಮಗಾನಾ? ಯಾಕೆ ತೆಗೆದ್ರಂತೆ?" ಎಂದು ಕೇಳಿದರು.

ಇವರು. ತೆಗೆದ್ರಂತೆ. ತನ್ನ ಮಗನನ್ನು ಯಾರಾದರೂ ಬಹುವಚನದಲ್ಲಿ ಕರೆದದ್ದನ್ನು ನಿಂಗಣ್ಣ ಅದೇ ಮೊದಲು ಕೇಳಿದ್ದು. ಹೀಗೆ ಕೇಳಿದವರ ಮುಂದೆ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೆಗಲ ಚೀಲದಿಂದ ತೂಗುಗುಂಡು ತೆಗೆದು, ಉಳಿದಿದ್ದ ಗೋಡೆಯ ಮಗ್ಗುಲಿಗೆ ದಾರ ಇಳಿಬಿಟ್ಟ. ದಾರಕ್ಕೂ ಇಟ್ಟಿಗೆಗೂ ನಡುವೆ ಕಿರುಬೆರಳು ತೂರುವಷ್ಟು ಸಂದಿ ಕಾಣಿಸಿತು.

"ಗ್ವಾಡಿ ಓರೆ ಆಗ್ಯಾದ್ರಿ ಅಮ್ಮಾರ," ಎಂದ. "ಮುಂಜಾನಿ ಗಡಿಬಿಡ್ಯಾಗ ಕಟ್ಟೀನ್ರಿ. ನಂದೇ ತಪ್ಪು. ಅವ ಓರೆ ಇದ್ದದ್ದು ನೋಡಿ ಸುಮ್ಮ ಕೂಡಂಗಿಲ್ರಿ. ಮನಿಯೊಳಗ ಚಪ್ಪಲಿ ಓರೆ ಬಿಟ್ರೂ ಎದ್ದು ಹೋಗಿ ನೆಟ್ಟಗ ಮಾಡ್ತಾನ್ರಿ."

ಮುನಿಶಾಮಿ ತಾನೂ ಬಗ್ಗಿ ದಾರ ನೋಡಿ, ಆಳುಗಳಿಗೆ ಊಟಕ್ಕೆ ಹೋಗಲು ಹೇಳಿದ.

ಜಹನಾರಾ ಅಪ್ಪ ಮಗನನ್ನು ವರಾಂಡಕ್ಕೆ ಕರೆದು ಕೂರಿಸಿದರು. ತುಂಬ ಪ್ರಶ್ನೆ ಕೇಳಿದರು. ಎಷ್ಟನೇ ವಯಸ್ಸಿಗೆ ಮಾತು ಬಂತು, ಜೋರು ಸದ್ದಾದರೆ ಏನು ಮಾಡುತ್ತಾನೆ, ತಿನ್ನುವುದರಲ್ಲಿ ಯಾವುದು ಒಗ್ಗುವುದಿಲ್ಲ. ಕಿವಿ ಮುಚ್ಚಿಕೊಳ್ಳುವುದು, ಒಂದೇ ತಟ್ಟೆಯಲ್ಲಿ ಉಣ್ಣುವುದು, ಕಣ್ಣಿಗೆ ಕಣ್ಣು ಕೂಡಿಸದಿರುವುದು — ನಿಂಗಣ್ಣ ಹೇಳುವ ಮೊದಲೇ ಅವರಿಗೆ ಅರ್ಧ ಗೊತ್ತಿದ್ದ ಹಾಗಿತ್ತು. ಊರಿನಲ್ಲಿ ಭೀಮುವಿಗೆ ಗಾಳಿ ಹಿಡಿದಿದೆ ಎಂದಿದ್ದರು. ಒಬ್ಬ ಡಾಕ್ಟರು ಬುದ್ಧಿ ಬೆಳೆದಿಲ್ಲ, ಹೀಗೇ ಇರುತ್ತಾನೆ ಎಂದಿದ್ದರು. ಇವರು ಒಂದು ಹೊಸ ಶಬ್ದ ಹೇಳಿದರು: ಆಟಿಸಂ.

"ಕಾಯಿಲೆ ಅಲ್ಲ ನಿಂಗಣ್ಣಾರೇ. ವಾಸಿ ಮಾಡೋ ಅಂಥದ್ದು ಏನೂ ಇಲ್ಲ. ಅವರ ತಲೆ ನಡೆಯೋ ರೀತಿ ಬೇರೆ, ಅಷ್ಟೇ. ನನ್ನ ತಮ್ಮ ಹಾಶಿಮ್‌ಗೂ ಅದೇ. ಅಲ್ಲಿ ನೋಡಿ." ಒಳಗಿನ ಕೋಣೆಯಲ್ಲಿ ಮೂವತ್ತು ದಾಟಿದ ಒಬ್ಬ ಗಡ್ಡದಾತ ತಲೆಯೆತ್ತದೆ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ. "ಹದಿನೆಂಟು ತುಂಬ್ತು ಅಂದ್ರೆ ಶಾಲೆಗಳೆಲ್ಲ ಕೈ ಬಿಟ್ಬಿಡ್ತವೆ. ಆಮೇಲೆ ಮನೇಲಿ ಕೂರ್ಬೇಕು. ಅದಕ್ಕೇ ಇದು ದೊಡ್ಡೋರಿಗೆ ಅಂತ ಮಾಡಿರೋದು. ಇಲ್ಲಿ ಆಟ ಆಡ್ಸಲ್ಲ, ಕಸುಬು ಕಲಿಸ್ತೀವಿ. ನೀವು ಕಟ್ತಾ ಇದೀರಲ್ಲ, ಅದು ಮೋಟಾರ್ ರಿವೈಂಡಿಂಗ್ ಕಲಿಸೋ ಕೋಣೆ. ಭೀಮು ಬರ್ಲಿ."

ಸಂಜೆ ನಿಂಗಣ್ಣ ಇದನ್ನೆಲ್ಲ ಹೇಳಿದಾಗ ಹುಸೇನಮ್ಮ ರೊಟ್ಟಿಯ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಂಬಲಿಲ್ಲ.

"ಮ್ಯಾಣದಬತ್ತಿ ಮಾಡಿಸ್ತಾರೇನು? ಇಲ್ಲಾ ಮಣಿ ಪೋಣಿಸಾದು?" ಎಂದಳು. ಅಂಥ ಒಂದು ಜಾಗಕ್ಕೆ ಹಿಂದೆ ಹೋಗಿ ನೋಡಿದ್ದಳು. ಬೆಳೆದ ಗಂಡಸರು ಸಾಲಾಗಿ ಕೂತು ಮಣಿ ಪೋಣಿಸುತ್ತಿದ್ದರು. ಸಂಜೆಗೆ ಆಯಾ ಬಂದು ಅದನ್ನೆಲ್ಲ ಬಿಚ್ಚಿ ಮತ್ತೆ ಬಟ್ಟಲಿಗೆ ಸುರಿಯುತ್ತಿದ್ದಳು.

"ಅಲ್ಲ. ಮೋಟಾರ್. ನೀರಿನ ಪಂಪಿನ ಮೋಟಾರ್."

"ನಿನ್ನ ಕೈಯಾಗ ಅವ ಒಂದು ಇಟ್ಟಂಗಿ ಇಡಾಕ ಕಲೀಲಿಲ್ಲ. ಮೋಟಾರ್ ಹ್ಯಾಂಗ ಕಲೀತಾನ?"

ಅವಳು ಚುಚ್ಚಲು ಹೇಳಿದ ಮಾತಲ್ಲ ಅದು, ಆದರೂ ನಿಂಗಣ್ಣನಿಗೆ ಚುಚ್ಚಿತು. ಭೀಮುವಿಗೆ ಹದಿನಾರು ಆದಾಗ ಅವನು ಮಗನ ಕೈಗೆ ಗಾರೆ ಬಳಿಯುವ ಕರಣೆ ಕೊಟ್ಟು ಎರಡು ವರ್ಷ ಹೆಣಗಿದ್ದ. ಎರಡು ವರ್ಷದ ಕೊನೆಗೆ ಭೀಮು ಕರಣೆ ಕಂಡರೆ ಸಾಕು ಎದ್ದು ಹೋಗುವ ಹಾಗಾಗಿದ್ದ. ಅಪ್ಪ ತಾತ ಎಲ್ಲ ಗೌಂಡಿಗಳೇ ಆಗಿದ್ದ ಮನೆತನ. ತನ್ನ ಮಗನಿಗೆ ತಾನೇ ಕಸುಬು ದಾಟಿಸಲಾಗಲಿಲ್ಲ ಎನ್ನುವುದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ರಿವೈಂಡಿಂಗ್ ಕಲಿಸಲು ಬಂದವರು ಶ್ರೀರಾಮಪ್ಪ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಮೂವತ್ತು ವರ್ಷ ಮೋಟಾರ್ ಅಂಗಡಿ ನಡೆಸಿ, ಅದನ್ನು ಅಳಿಯನಿಗೆ ಬಿಟ್ಟುಕೊಟ್ಟು, ಮನೆಯಲ್ಲಿ ಕೂತು ಬೇಸರವಾಗಿದ್ದವರು. ದೊಡ್ಡ ಹೊಟ್ಟೆ, ದೊಡ್ಡ ದನಿ. ಬಾಯಿ ತೆರೆದರೆ ಮುಚ್ಚುವುದಿಲ್ಲ. ಗೋಡೆ ಎದ್ದು, ತಾರಸಿ ಬಿದ್ದು, ನಿಂಗಣ್ಣ ಮುಂದಿನ ಕೋಣೆಯ ಗೋಡೆಗೆ ಗಾರೆ ಬಳಿದು ಗಿಲಾಯಿ ಮಾಡುತ್ತಿದ್ದಾಗಲೇ ಒಳಕೋಣೆಯಲ್ಲಿ ಪಾಠ ಶುರುವಾಯಿತು. ಬಾಗಿಲಿಲ್ಲದ ಚೌಕಟ್ಟಿನಿಂದ ಎಲ್ಲವೂ ಕಾಣುತ್ತಿತ್ತು.

"ನೋಡಪ್ಪಾ ಮಗಾ, ಇದು ಸ್ಟೇಟರ್. ಮೋಟಾರಿನ ಹೊಟ್ಟೆ ಅಂದ್ಕೋ. ಇದರೊಳಗೆ ಸುತ್ತ ಸ್ಲಾಟ್ ಇದೆ ನೋಡು, ಇದರೊಳಗೆ ತಾಮ್ರದ ತಂತಿ ಕೂರುತ್ತೆ, ಇದು ಸುಟ್ಟೋಗಿದೆ, ಇದನ್ನ ಕಿತ್ತು ಹೊಸದು ಸುತ್ಬೇಕು, ಎಷ್ಟು ಸುತ್ತು ಇತ್ತೋ ಅಷ್ಟೇ ಇರ್ಬೇಕು, ಅದಕ್ಕೂ ಮುಂಚೆ ಪೇಪರ್ ಮಡಚಿ ಹಾಕ್ಬೇಕು, ಅದಕ್ಕೂ ಮುಂಚೆ…"

ಮೂರನೇ ವಾಕ್ಯಕ್ಕೇ ಭೀಮು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದ. ಶ್ರೀರಾಮಪ್ಪ ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಹೇಳಿದರು. ಭೀಮು ಎದ್ದು ಹೋಗಿ ನೇರಳೆ ಮರದ ಕೆಳಗೆ ನಿಂತ. ಹೀಗೇ ಎರಡು ವಾರ ನಡೆಯಿತು. ಒಂದು ದಿನವಂತೂ ಶ್ರೀರಾಮಪ್ಪ ಸುತ್ತಿಟ್ಟಿದ್ದ ತಂತಿಯ ಕಾಯಿಲನ್ನು ಭೀಮು ಪೂರ್ತಿ ಬಿಚ್ಚಿ ನೆಲದ ಮೇಲೆ ನೇರಕ್ಕೆ ಹಾಸಿದ್ದ.

ಹದಿನಾಲ್ಕನೇ ದಿನ ಶ್ರೀರಾಮಪ್ಪ ಜಹನಾರಾ ಹತ್ತಿರ ಹೋದದ್ದನ್ನು ನೋಡಿ, ಇನ್ನು ಮುಗಿಯಿತು ಎಂದು ನಿಂಗಣ್ಣ ಅಂದುಕೊಂಡ.

"ಅಮ್ಮಾ, ಎಷ್ಟೋ ಹುಡುಗರಿಗೆ ಕೆಲಸ ಕಲಿಸಿದೀನಿ ನಾನು. ಇದು ನನ್ನ ಕೈಲಿ ಆಗಲ್ಲ ಅನ್ಸುತ್ತೆ," ಎಂದರು ಶ್ರೀರಾಮಪ್ಪ.

ಜಹನಾರಾ ಹೇಳಿದರು: "ಸರ್, ನಾಳೆ ಒಂದಿನ ಮಾತಾಡ್ದೇ ಕಲಿಸಿ ನೋಡಿ. ಎದುರಿಗೆ ಕೂರ್ಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ. ಒಂದು ಕೆಲಸ ಮಾಡಿ, ಕಾಯಿರಿ. ಅವರು ಮಾಡೋತನಕ ಎರಡನೇದು ತೋರಿಸ್ಬೇಡಿ."

"ಮಾತಾಡ್ದೇನಾ? ನನ್ನ ಹೆಂಡ್ತಿ ನಲವತ್ತು ವರ್ಷದಿಂದ ಅದನ್ನೇ ಕೇಳ್ಕೋತಾ ಇದಾಳಮ್ಮ." ಅವರೇ ನಕ್ಕರು. ಆದರೆ ಮರುದಿನ ಬಾಯಿಗೆ ಎಲೆ ಅಡಿಕೆ ತುಂಬಿಕೊಂಡು ಬಂದರು, ಮಾತಾಡಲು ಬಾರದ ಹಾಗೆ.

ಅವತ್ತು ಅವರು ಭೀಮುವಿನ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂತು, ಸ್ಲಾಟಿಗೆ ಹಾಕುವ ದಪ್ಪ ಕಾಗದವನ್ನು ಕತ್ತರಿಸಿದರು. ಅಂಚು ಮಡಚಿದರು. ಸ್ಲಾಟಿನೊಳಗೆ ತೂರಿಸಿದರು. ಆಮೇಲೆ ಕತ್ತರಿಯನ್ನು ಇಬ್ಬರ ನಡುವೆ ಇಟ್ಟು, ಕೈ ಕಟ್ಟಿ, ಕಿಟಕಿ ನೋಡುತ್ತ ಕೂತರು. ಬಹಳ ಹೊತ್ತು ಏನೂ ಆಗಲಿಲ್ಲ. ನಿಂಗಣ್ಣ ಕರಣೆ ಕೈಯಲ್ಲಿ ಹಿಡಿದೇ ನಿಂತಿದ್ದ; ಹಲಗೆಯ ಮೇಲಿನ ಗಾರೆ ಬಿಗಿಯುತ್ತಿತ್ತು.

ಭೀಮು ಕತ್ತರಿ ಎತ್ತಿಕೊಂಡ. ಕಾಗದವನ್ನು ಹಳೆಯ ತುಂಡಿನ ಮೇಲಿಟ್ಟು ಅಳೆದು ಕತ್ತರಿಸಿದ. ಅಂಚು ಮಡಚಿ, ಉಗುರಿನಿಂದ ಗೀರಿ, ತೂರಿಸಿದ. ಸ್ಟೇಟರಿನಲ್ಲಿ ಇಪ್ಪತ್ನಾಲ್ಕು ಸ್ಲಾಟುಗಳಿದ್ದವು. ಮಧ್ಯಾಹ್ನದ ಊಟಕ್ಕೆ ಕರೆದರೂ ಏಳದೆ ಉಳಿದ ಇಪ್ಪತ್ಮೂರನ್ನೂ ಅವನೇ ಮುಗಿಸಿದ. ಶ್ರೀರಾಮಪ್ಪ ಹೊರಗೆ ಬಂದು ಎಲೆ ಅಡಿಕೆ ಉಗುಳಿ, ನಿಂಗಣ್ಣನ ಕಡೆ ನೋಡಿ ಸುಮ್ಮನೆ ತಲೆಯಾಡಿಸಿದರು.

ನಿಂಗಣ್ಣನಿಗೆ ತನ್ನ ಎರಡು ವರ್ಷಗಳು ಕಣ್ಣ ಮುಂದೆ ಬಂದವು. ಕಾಂಕ್ರೀಟ್ ಮಿಕ್ಸರಿನ ಗದ್ದಲದ ನಡುವೆ ನಿಂತು, ಗಾರೆ ಹಾಕು, ದಾರ ನೋಡು, ಅಲ್ಲ ಇತ್ತಲಾಗ, ಕೈ ಬೀಸು ಎಂದು ಒಂದೇ ಉಸಿರಿಗೆ ಹತ್ತು ಮಾತು ಕಿರುಚುತ್ತಿದ್ದ ತಾನು. ಕಿವಿ ಮುಚ್ಚಿಕೊಂಡು ಮರಳಿನ ಹಿಂದೆ ಕೂತ ಮಗ. ಅವನಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಸಂಜೆ ಶ್ರೀರಾಮಪ್ಪನವರಿಗೆ ಚಹಾ ಕೊಡುತ್ತ, "ನಾ ಹಡದ ತಂದಿ. ನನಗ ತಿಳೀಲಿಲ್ಲ ನೋಡ್ರಿ," ಎಂದ.

"ನಂಗೂ ನೆನ್ನೆತನಕ ಎಲ್ಲಿ ತಿಳಿದಿತ್ತಪ್ಪಾ," ಎಂದರು ಅವರು. "ಆಯಮ್ಮ ಹೇಳಿದ್ಲು, ತಿಳೀತು. ನಿಂಗೆ ಯಾರೂ ಹೇಳ್ಲಿಲ್ಲ. ಅಷ್ಟೇ ವ್ಯತ್ಯಾಸ."

ಆ ಮಾತು ನಿಂಗಣ್ಣನ ಎದೆಯ ಮೇಲಿನ ಭಾರದಲ್ಲಿ ಒಂದು ಪಾಲನ್ನು ಇಳಿಸಿತು.

ಎರಡು ವರ್ಷ ಹಿಡಿಯಿತು. ಭೀಮು ಬೇಗ ಕಲಿತ ಅನ್ನುವಂತಿಲ್ಲ. ತಂತಿಯ ದಪ್ಪ ಅಳೆಯುವುದು, ಮರದ ಅಚ್ಚಿನ ಮೇಲೆ ಕೈಯಂತ್ರ ತಿರುಗಿಸಿ ಕಾಯಿಲು ಸುತ್ತುವುದು, ಅದನ್ನು ಬಿದಿರಿನ ಪಟ್ಟಿಯಿಂದ ಸ್ಲಾಟಿಗೆ ಇಳಿಸುವುದು, ದಾರ ಕಟ್ಟುವುದು ಎಲ್ಲವೂ ತಿಂಗಳುಗಟ್ಟಲೆ ಹಿಡಿದವು. ಶ್ರೀರಾಮಪ್ಪ ಅರ್ಧ ದಿನದಲ್ಲಿ ಮುಗಿಸುವ ಮೋಟಾರಿಗೆ ಅವನಿಗೆ ಎರಡೂವರೆ ದಿನ ಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಸುತ್ತಿದ್ದನ್ನೆಲ್ಲ ಬಿಚ್ಚಿ ಒಂದರಿಂದ ಶುರು ಮಾಡುತ್ತಿದ್ದ. ಕೊನೆಯಲ್ಲಿ ಹಾಕುವ ವಾರ್ನಿಶಿನ ವಾಸನೆ ಮಾತ್ರ ಏನು ಮಾಡಿದರೂ ಒಗ್ಗಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿದರು, ಡಬ್ಬಿಯನ್ನು ಬಯಲಿಗಿಟ್ಟರು, ವಾಂತಿ ಮಾಡಿಕೊಂಡ. ಶ್ರೀರಾಮಪ್ಪ ಅದನ್ನು ಕೈಬಿಟ್ಟರು. "ನಂಗೆ ಕರೆಂಟ್ ಕಂಬ ಹತ್ತೋಕೆ ಇವತ್ತಿಗೂ ಬರಲ್ಲ. ಬೇರೆ ಯಾರೋ ಹತ್ತೋರು, ಅಂಗಡಿ ನಡೀಲಿಲ್ವಾ? ವಾರ್ನಿಶ್ ಇನ್ನೊಬ್ರು ಹಾಕ್ಲಿ," ಎಂದರು.

ಮೊದಲ ಮೋಟಾರು ಓಡುವ ದಿನ ಹುಸೇನಮ್ಮ ಬುಟ್ಟಿ ಹೊರದೆ, ಇಳಕಲ್ ಸೀರೆ ಉಟ್ಟು ಬಂದಳು. ಮೇಜಿನ ಮೇಲೆ ಅರ್ಧ ಕುದುರೆ ಶಕ್ತಿಯ ಒಂದು ಪುಟ್ಟ ಪಂಪಿನ ಮೋಟಾರು ಕೂತಿತ್ತು. ಶ್ರೀರಾಮಪ್ಪ ಸ್ವಿಚ್ ಒತ್ತಲು ಭೀಮುವಿಗೆ ಕಣ್ಣಿನಲ್ಲೇ ಹೇಳಿದರು. ಮೋಟಾರು ಸಣ್ಣಗೆ ಗುಂಯ್‌ಗುಟ್ಟುತ್ತ ತಿರುಗಿತು. ಗಲಾಟೆಗೆ ಹೆದರುವ ಭೀಮು ಆ ಸದ್ದಿಗೆ ಹೆದರಲಿಲ್ಲ. ಅಂಗೈಯನ್ನು ಮೋಟಾರಿನ ಮೈಮೇಲೆ ಇಟ್ಟು, ಬಿಸಿ ಏರುತ್ತದೆಯೋ ಎಂದು ನೋಡಿದ.

"ಇಷ್ಟೇನಾ?" ಎಂದಳು ಹುಸೇನಮ್ಮ. ಅವಳು ಇನ್ನೂ ದೊಡ್ಡದೇನನ್ನೋ ಊಹಿಸಿದ್ದಳು. ಆಮೇಲೆ ತಾನೂ ಹೋಗಿ ಮಗನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ನಿಂತಳು. "ತಣ್ಣಗದ," ಎಂದಳು ಗಂಡನಿಗೆ.

2003ರ ದೀಪಾವಳಿ ಕಳೆದ ಮೇಲೆ ಜಹನಾರಾ ಒಂದು ಕೆಲಸ ಗೊತ್ತುಮಾಡಿದರು. ಹಲಸೂರಿನ ಒಂದು ಗಲ್ಲಿಯಲ್ಲಿ ಅಕ್ತರ್ ಎಂಬ ಶಿವಾಜಿನಗರದ ವ್ಯಾಪಾರಿಯ ಪಂಪು ರಿಪೇರಿ ಅಂಗಡಿ ಇತ್ತು. ಅಕ್ತರ್ ಮೊದಲು ಒಪ್ಪಲಿಲ್ಲ. "ಆಪಾ, ನಂದು ಅಂಗಡಿ, ಆಶ್ರಮ ಅಲ್ಲ," ಎಂದನಂತೆ. ಜಹನಾರಾ ಭೀಮು ಸುತ್ತಿದ ಒಂದು ಸ್ಟೇಟರನ್ನು ಅವನ ಮುಂದಿಟ್ಟು, ಏನೂ ಹೇಳದೆ ಎದ್ದು ಬಂದರು. ಎರಡು ದಿನದ ಮೇಲೆ ಅವನೇ ಫೋನ್ ಮಾಡಿದ. ಅಂಗಡಿಯ ಹಿಂಭಾಗದಲ್ಲಿ, ರೇಡಿಯೋದಿಂದ ದೂರ, ಭೀಮುವಿಗೆ ಒಂದು ಮೇಜು ಸಿಕ್ಕಿತು. ವಾರ್ನಿಶ್ ಹಾಕುವ ಕೆಲಸ ಅಕ್ತರ್ ತಾನೇ ಇಟ್ಟುಕೊಂಡ.

ಉಳಿದದ್ದು ಬಸ್ಸು. ಕೆ.ಆರ್.ಪುರದಿಂದ ಹಲಸೂರಿಗೆ ದಿನಾ ಹೋಗಿಬರುವುದನ್ನೂ ಕಸುಬಿನ ಹಾಗೆಯೇ ಕಲಿಸಬೇಕು ಎಂದರು ಜಹನಾರಾ. ದಾರಿಯ ಸ್ಟಾಪುಗಳ ಹೆಸರನ್ನೆಲ್ಲ ಸಾಲಾಗಿ ಬರೆದ ಒಂದು ಕಾರ್ಡು ಮಾಡಿಕೊಟ್ಟರು. ಬೋರ್ಡು ಓದುವಷ್ಟು ಅಕ್ಷರ ಭೀಮುವಿಗೆ ಬರುತ್ತಿತ್ತು. ಒಂದು ವಾರ ನಿಂಗಣ್ಣ ಅವನ ಪಕ್ಕದಲ್ಲಿ ಕೂತು ಹೋದ. ಎರಡನೇ ವಾರ ಹಿಂದಿನ ಸೀಟಿನಲ್ಲಿ. ಮೂರನೇ ವಾರ ಮಗನನ್ನು ಹತ್ತಿಸಿ, ತಾನು ಅದರ ಹಿಂದೆ ಬಂದ ಬಸ್ಸಿನಲ್ಲಿ. ನಾಲ್ಕನೇ ವಾರ ಹೋಗಬೇಡಿ ಎಂದು ಜಹನಾರಾ ಖಡಾಖಂಡಿತವಾಗಿ ಹೇಳಿದರು. ಸೋಮವಾರ ಸರಿಹೋಯಿತು. ಮಂಗಳವಾರ, ಬುಧವಾರವೂ.

ಗುರುವಾರ ಹತ್ತು ಗಂಟೆಗೆ ನಿಂಗಣ್ಣ ಕೆಲಸ ಮಾಡುತ್ತಿದ್ದ ಹೊರಮಾವಿನ ಸೈಟಿನಲ್ಲಿ ಸೂಪರ್‌ವೈಸರನ ಮೊಬೈಲಿಗೆ ಅಕ್ತರನ ಫೋನ್ ಬಂತು. ಭೀಮು ಇನ್ನೂ ಬಂದಿಲ್ಲ. ದಿನಾ ಒಂಬತ್ತಕ್ಕೆ ಐದು ನಿಮಿಷ ಮುಂಚೆ ಬರುವವನು.

ನಿಂಗಣ್ಣ ಗಾರೆಯ ಕೈಯಲ್ಲೇ ಆಟೋ ಹತ್ತಿದ. ಟಿನ್ ಫ್ಯಾಕ್ಟರಿಯ ಹತ್ತಿರ ವಾಹನಗಳು ನಿಂತುಬಿಟ್ಟಿದ್ದವು. ಮುಂದೆ ರಸ್ತೆಯಲ್ಲಿ ಟ್ಯಾಂಕರೊಂದು ಮಗುಚಿದೆ, ಹಲಸೂರಿನ ಕಡೆಯ ಬಸ್ಸುಗಳನ್ನೆಲ್ಲ ಬೆಳಿಗ್ಗೆಯಿಂದ ರಿಂಗ್ ರೋಡಿಗೆ ತಿರುಗಿಸುತ್ತಿದ್ದಾರೆ ಎಂದು ಆಟೋದವನು ಹೇಳಿದ. ಅಂದರೆ ಭೀಮುವನ್ನು ಇಲ್ಲಿ ಇಳಿಸಿದ್ದಾರೆ, ಇಲ್ಲವೇ ಅವನು ಗೊತ್ತಿಲ್ಲದ ದಾರಿಯಲ್ಲಿ ಎಲ್ಲಿಗೋ ಹೋಗಿದ್ದಾನೆ. ಅಪರಿಚಿತ ಜಾಗ ಕಂಡರೆ ನೆಲದ ಮೇಲೆ ಕೂತು ತಲೆ ಬಡಿದುಕೊಳ್ಳುತ್ತಿದ್ದವನು. ಹತ್ತಿರದಲ್ಲೇ ರೈಲು ಹಳಿ. ನಿಂಗಣ್ಣ ಆಟೋದಿಂದ ಇಳಿದ.

ಬಸ್ ಸ್ಟಾಪಿನಲ್ಲಿ ಸೀಬೆಹಣ್ಣು ಮಾರುತ್ತಿದ್ದ ಮುದುಕಿಯನ್ನು ಕೇಳಿದ.

"ನೀಲಿ ಅಂಗಿ, ಕೈಯಾಗ ಡಬ್ಬಿ, ಎತ್ತರಕ್ಕ ಅದಾನ, ಮಾತಾಡಂಗಿಲ್ಲ. ನೋಡೀರೇನ್ರಿ ಯವ್ವಾ?"

"ಒಬ್ಬ ಇಳಿದ್ನಪ್ಪ. ಎಲ್ರನ್ನೂ ಇಲ್ಲೇ ಇಳಿಸ್ಬಿಟ್ರಲ್ಲ. ಬಸ್ ಹೋದ್ಮೇಲೂ ಅಲ್ಲೇ ನಿಂತಿದ್ದ, ತುಂಬ ಹೊತ್ತು. ಮುಂದಕ್ಕೂ ಹಿಂದಕ್ಕೂ ತೂಗಾಡ್ತಿದ್ದ. ಕುಡ್ದಿದಾನೇನೋ ಅಂದ್ಕೊಂಡೆ. ಆಮೇಲೆ ಜೇಬಿಂದ ಒಂದು ಕಾರ್ಡು ತೆಗ್ದು ನೋಡ್ಕೊಂಡ. ಆ ಕಡೆ ನಡ್ಕೊಂಡು ಹೋದ." ಅವಳು ಹಲಸೂರಿನ ದಿಕ್ಕಿಗೆ ಕೈ ತೋರಿಸಿದಳು.

ನಿಂಗಣ್ಣ ಆ ದಾರಿ ಹಿಡಿದ. ಮುಂದಿನ ಸ್ಟಾಪಿನಲ್ಲಿ ಪಂಕ್ಚರ್ ಅಂಗಡಿಯವನು, ಹೌದು, ಒಬ್ಬ ಬಂದು ಬೋರ್ಡಿನ ಕಂಬ ಮುಟ್ಟಿ ಹೋದ ಎಂದ. ಅದರ ಮುಂದಿನದರಲ್ಲಿ ಪೊಲೀಸಿನವನೊಬ್ಬ ನೋಡಿದ್ದ. ಆಮೇಲಿನ ಎರಡು ಸ್ಟಾಪುಗಳಲ್ಲಿ ಯಾರೂ ನೋಡಿರಲಿಲ್ಲ. ಬಿಸಿಲು ನೆತ್ತಿಗೆ ಬರುತ್ತಿತ್ತು. ದಾರಿಯಲ್ಲಿ ಕಂಡ ಪ್ರತಿ ನೀಲಿ ಅಂಗಿಯ ಹಿಂದೆಯೂ ಅವನು ಓಡಿದ. ಇಂದಿರಾನಗರದ ಕ್ರಾಸಿನಲ್ಲಿ ರಸ್ತೆ ನಾಲ್ಕು ಕಡೆಗೆ ಒಡೆದದ್ದನ್ನು ನೋಡಿ, ಇಲ್ಲಿಂದ ಅವನು ಯಾವ ಕಡೆ ಹೋಗಿರಬಹುದು ಎಂದು ಯೋಚಿಸುವುದಕ್ಕೂ ಭಯವಾಯಿತು. ಜಹನಾರಾ ಮೇಲೆ ಸಿಟ್ಟು ಬಂತು. ಒಬ್ಬನನ್ನೇ ಬಿಡಿ ಎಂದವರು ಅವರು. ಒಪ್ಪಿಕೊಂಡ ತನ್ನ ಮೇಲೆ ಇನ್ನೂ ಹೆಚ್ಚು ಬಂತು. ಹುಸೇನಮ್ಮನಿಗೆ ಏನು ಹೇಳುವುದು? ಕೋಣೆಯ ಚಿಲಕವೇ ಚೆನ್ನಾಗಿತ್ತು ಎಂದು ಅವಳು ಅಂದರೆ ತನ್ನ ಬಳಿ ಏನು ಉತ್ತರವಿದೆ?

ಹಲಸೂರಿನ ಅಂಗಡಿ ಮುಟ್ಟಿದಾಗ ಹನ್ನೆರಡೂವರೆ. ಅಲ್ಲಿಂದಲೇ ಪೊಲೀಸ್ ಠಾಣೆಗೆ ಹೋಗುವುದೆಂದು ಅವನ ಲೆಕ್ಕ. ಮೆಟ್ಟಿಲು ಹತ್ತುತ್ತಲೇ ಬಾಯಿ ತೆರೆದ. ಅಕ್ತರ್ ಎದುರಿಗೆ ಧಾವಿಸಿ ಬಂದು, ತುಟಿಯ ಮೇಲೆ ಬೆರಳಿಟ್ಟು ತಡೆದ.

"ಶ್…" ಎಂದು ಪಿಸುಗುಟ್ಟಿದ. "ಎಣಿಸ್ತಾ ಇದಾನೆ."

ಹಿಂಭಾಗದ ಮೇಜಿನಲ್ಲಿ ಭೀಮು ಕೂತಿದ್ದ. ನೀಲಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಒಂದು ಚಪ್ಪಲಿಯ ಉಂಗುಷ್ಟ ಕಿತ್ತು, ಅದನ್ನು ತಂತಿಯಿಂದ ಬಿಗಿದುಕೊಂಡಿದ್ದ. ಬಲಗೈ ಯಂತ್ರವನ್ನು ತಿರುಗಿಸುತ್ತಿತ್ತು, ಎಡಗೈಯ ಎರಡು ಬೆರಳ ನಡುವಿನಿಂದ ತಾಮ್ರದ ತಂತಿ ಒಂದೇ ಬಿಗಿಯಲ್ಲಿ ಹರಿದು ಅಚ್ಚಿನ ಮೇಲೆ ಕೂರುತ್ತಿತ್ತು. ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು.

ನಿಂಗಣ್ಣ ಗೋಡೆಗೆ ಒರಗಿ ನಿಂತ. ಹೋಗಿ ತಬ್ಬಿಕೊಳ್ಳಬೇಕು, ಬೈಯಬೇಕು, ತಲೆ ಸವರಬೇಕು ಅನ್ನಿಸಿತು. ಒಂದನ್ನೂ ಮಾಡಲಿಲ್ಲ. ಈಗ ಮಾತಾಡಿಸಿದರೆ ಅವನು ಎಲ್ಲ ಬಿಚ್ಚಿ ಒಂದರಿಂದ ಶುರು ಮಾಡಬೇಕು. ಅಕ್ತರ್ ಒಂದು ಲೋಟ ನೀರು ತಂದು ಕೈಗಿತ್ತ. ಸದ್ದಾದೀತೆಂದು ನಿಂಗಣ್ಣ ಅದನ್ನು ಕುಡಿಯದೆ ಹಾಗೇ ಹಿಡಿದುಕೊಂಡ.

"ಹನ್ನೊಂದಕ್ಕೆ ಬಂದ ಭಾಯಿ," ಎಂದು ಅಕ್ತರ್ ಕಿವಿಯ ಹತ್ತಿರ ಹೇಳಿದ. "ಸೈಟಿಗೆ ಫೋನ್ ಹಚ್ಚಿದೆ, ನೀವು ಹೊರಟು ಹೋಗಿದ್ರಿ. ನೀರು ಕೊಟ್ಟೆ, ಕುಡ್ದ. ಕೂತ್ಕೋ ಸ್ವಲ್ಪ, ಸುಸ್ತಾಗಿದೀಯ ಅಂದೆ. ಗೋಡೆ ಗಡಿಯಾರ ತೋರಿಸ್ದ. ಲೇಟಾಗಿದೆ ಅಂತ. ಕೆಲಸಕ್ಕೆ ಕೂತ್ಬಿಟ್ಟ."

ಯಂತ್ರ ನಿಂತಿತು. "ಎಪ್ಪತ್ತೆರಡು," ಎಂದು ಭೀಮು ಗಟ್ಟಿಯಾಗಿ ಹೇಳಿ, ಕಾಯಿಲನ್ನು ದಾರದಿಂದ ನಾಲ್ಕು ಕಡೆ ಕಟ್ಟಿ, ಅಚ್ಚಿನಿಂದ ಬಿಡಿಸಿ ಪಕ್ಕಕ್ಕಿಟ್ಟ. ಆಮೇಲೆ ತಲೆ ಎತ್ತಿದ. ಅಪ್ಪನ ಮುಖದ ಕಡೆಗಲ್ಲ, ಅವನ ಗಾರೆ ಮೆತ್ತಿದ ಕೈಯ ಕಡೆ ನೋಡಿದ.

"ಬಸ್ ಇಲ್ಲ," ಎಂದ. "ನಡದೆ. ಹನ್ನೊಂದು ಸ್ಟಾಪು."

"ಹೌದಪ್ಪಾ," ಎಂದ ನಿಂಗಣ್ಣ. ಅಲ್ಲೇ ಒಂದು ಖಾಲಿ ಪಂಪಿನ ಪೆಟ್ಟಿಗೆಯ ಮೇಲೆ ಕೂತು, ಟವೆಲಿನಿಂದ ಮುಖ ಮುಚ್ಚಿಕೊಂಡ. ಭೀಮು ಎರಡನೆಯ ಕಾಯಿಲಿಗೆ ತಂತಿ ಸಿಕ್ಕಿಸುತ್ತಿದ್ದ.

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬಂದರು. ಹುಸೇನಮ್ಮ ಎಲ್ಲವನ್ನೂ ಕೇಳಿದಳು. ಹೆಂಚಿನ ಮೇಲಿದ್ದ ರೊಟ್ಟಿ ಸೀಯುವವರೆಗೂ ಕೇಳಿದಳು. ನಿಂಗಣ್ಣ ಅಂಜಿದ ಮಾತನ್ನು ಅವಳು ಆಡಲಿಲ್ಲ. "ನಾಳಿಗೆ ಹೊಸ ಚಪ್ಪಲಿ ತರ್ಬೇಕು ಅವಗ," ಎಂದಳು. ಶುಕ್ರವಾರ ಬೆಳಿಗ್ಗೆ ಭೀಮು ಒಬ್ಬನೇ ಬಸ್ಸು ಹತ್ತಿದ.

ಮೂರು ವರ್ಷ ಕಳೆದವು. ಅಕ್ತರನ ಅಂಗಡಿಯಲ್ಲಿ ಭೀಮು ಖಾಯಂ ಆದ. ಆಸ್ಪತ್ರೆ, ಹಾಸ್ಟೆಲುಗಳ ಮೋಟಾರು ಬಂದರೆ, ತಡವಾದರೂ ಪರವಾಗಿಲ್ಲ, ಹಿಂದಿನ ಮೇಜಿಗೇ ಕೊಡಿ ಎನ್ನುವ ಗಿರಾಕಿಗಳು ಹುಟ್ಟಿಕೊಂಡರು. ಕೆಟ್ಟ ದಿನಗಳು ಇಲ್ಲವೆಂದಲ್ಲ. ಗಲ್ಲಿಯಲ್ಲಿ ರಸ್ತೆ ಅಗೆದ ತಿಂಗಳು ಅವನು ಎಂಟು ದಿನ ಕೆಲಸಕ್ಕೆ ಹೋಗಲಿಲ್ಲ; ಒಂದು ದಿನ ಸಹಿಸಲಾರದೆ ಕೈಗೆ ಕಚ್ಚಿಕೊಂಡ. ಅಕ್ತರ್ ಕಾದ. ಒಂಬತ್ತನೇ ದಿನ ಭೀಮು ತಾನಾಗಿ ಹೊರಟ. ನಿಂಗಣ್ಣನೂ ಹುಸೇನಮ್ಮನೂ ಒಂದು ಬೇಸಿಗೆಯಲ್ಲಿ, ಹದಿನೈದು ವರ್ಷಗಳಲ್ಲಿ ಮೊದಲ ಸಲ, ಭೀಮುವನ್ನು ಮನೆಯಲ್ಲಿ ಬಿಟ್ಟು ಇಬ್ಬರೇ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ಬಸ್ಸಿನಲ್ಲಿ ಹುಸೇನಮ್ಮ ದಾರಿಯುದ್ದಕ್ಕೂ ಗಂಡನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ಅವಳು ಹಾಗೆ ಮಲಗಿದ್ದನ್ನು ನಿಂಗಣ್ಣ ಮದುವೆಯಾದ ಹೊಸತರಲ್ಲಿ ನೋಡಿದ್ದು.

ಅದಾದ ಮೇಲಿನ ಒಂದು ಭಾನುವಾರ. ಮನೆ ಮಾಲೀಕಳಾದ ಗಂಗಲಕ್ಷ್ಮಮ್ಮ ಕೆಟ್ಟುಹೋದ ಗ್ರೈಂಡರನ್ನು ಕಷ್ಟಪಟ್ಟು ಹೊತ್ತು ತಂದು ಇವರ ಹೊಸ್ತಿಲ ಮೇಲಿಟ್ಟಳು.

"ಹುಸೇನಮ್ಮ, ನಿಮ್ಮ ಭೀಮಪ್ಪಂಗೆ ಸ್ವಲ್ಪ ನೋಡೋಕೆ ಹೇಳಮ್ಮ. ನಾಳೆ ದೋಸೆಗೆ ಅಕ್ಕಿ ನೆನೆಹಾಕ್ಬಿಟ್ಟಿದೀನಿ."

ಭೀಮು ಗ್ರೈಂಡರನ್ನು ಎರಡು ಕಡೆಯಿಂದ ನೋಡಿದ. ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು ಬಾಗಿಲಲ್ಲೇ ಕೂತ. ನಿಂಗಣ್ಣ ನೋಡಲೆಂದು ಎದುರಿಗೆ ಬಂದು ಬಗ್ಗಿ ನಿಂತ.

"ಅಪ್ಪ," ಎಂದ ಭೀಮು ತಲೆ ಎತ್ತದೆ. "ಬೆಳಕು."

ನಿಂಗಣ್ಣನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಬೆಳಕಿಗೆ ಅಡ್ಡ ನಿಂತಿದ್ದ ಅವನು ಪಕ್ಕಕ್ಕೆ ಸರಿದು ಮಗನ ಮಗ್ಗುಲಿಗೆ ಕೂತ. ಭೀಮು ಮೊದಲ ಸ್ಕ್ರೂ ಬಿಚ್ಚಿ, ಅವನ ಅಂಗೈ ಬಿಡಿಸಿ, ಅದರ ನಡುವೆ ಇಟ್ಟ. ಎರಡನೆಯದನ್ನೂ ಇಟ್ಟ. ನಿಂಗಣ್ಣ ಮಾತಾಡದೆ ಕೈ ಚಾಚಿಕೊಂಡು ಕೂತಿದ್ದ.